ತಾವು ಹೊತ್ತುಕೊಂಡು ಹೋದದ್ದು ಅಳಿಯನನ್ನು

ತುರ್ತು ಚಿಕಿತ್ಸಾ ವಿಭಾಗದ ಬಾಗಿಲ ಬಳಿ, ಕೈತೊಳೆಯುವ ಬೇಸಿನ್ ಪಕ್ಕದಲ್ಲಿ ಸದಾ ಸಿದ್ಧರಾಗಿ ನಿಂತಿರುವ ಗಾಲಿಕುರ್ಚಿಯವರ ಸನ್ನಿಧಿಗೆ,

ಮಾನ್ಯರೇ,

ಪ್ರಣಾಮಗಳು. ತಮ್ಮ ನಾಲ್ಕೂ ಚಕ್ರಗಳು ಕುಶಲವೆಂದು ಬರೆಯಬೇಕೆಂದಿದ್ದೆ, ಆದರೆ ಮುಂದಿನ ಎಡಚಕ್ರ ದಾರಿಯುದ್ದಕ್ಕೂ ನರಳುತ್ತಿದ್ದುದನ್ನು ತಮ್ಮ ಮೇಲೆ ಕುಳಿತು ಸ್ವತಃ ಕೇಳಿದ್ದೇನಾದ್ದರಿಂದ, ಆಸ್ಪತ್ರೆಯೊಳಗೇ ಇದ್ದೂ ಚಿಕಿತ್ಸೆ ಕಾಣದವರಲ್ಲಿ ತಾವೂ ಒಬ್ಬರೆಂದು ಮರುಕಪಟ್ಟು ಸುಮ್ಮನಾಗುತ್ತೇನೆ. ಈ ಪತ್ರ ತಮ್ಮ ಆರೋಗ್ಯದ ಕುರಿತಲ್ಲ, ನನ್ನ ಆರೋಗ್ಯದ ಕುರಿತು. ನಾನು ಪ್ರೌಢಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರು. ನನಗೆ ಯಾವ ಕಾಯಿಲೆಯೂ ಇಲ್ಲ. ಈ ಮಾತನ್ನು ನಂಬುವ ನೆಂಟರೊಬ್ಬರೂ ಇವತ್ತು ಉಳಿದಿಲ್ಲ, ಅದಕ್ಕೆ ತಾವೇ ನೇರ ಕಾರಣರು.

ನಡೆದದ್ದನ್ನು ಕ್ರಮವಾಗಿ ನಿವೇದಿಸುತ್ತೇನೆ. ಶನಿವಾರ ಭಾನುವಾರ ನಗರ ನೋಡಿಕೊಂಡು ಬರೋಣವೆಂದು ನಾನು, ನನ್ನ ಹೆಂಡತಿ ಮತ್ತು ಅವಳ ಅಪ್ಪ ಅಮ್ಮ ಬೆಳಗಿನ ರೈಲಿಗೆ ಬಂದಿಳಿದೆವು. ಮಾವನವರಿಗೆ ಜಿರಾಫೆ ನೋಡುವ ಆಸೆ. ಮೃಗಾಲಯದ ಟಿಕೆಟ್ ಸಾಲಿನಲ್ಲಿ ನಿಂತಿದ್ದವರು ಎದೆಯ ಮೇಲೆ ಅಂಗೈ ಇಟ್ಟುಕೊಂಡು ಪಕ್ಕದ ಗೋಡೆಗೆ ಒರಗಿದರು, ಹಣೆಯಿಂದ ಬೆವರು ಇಳಿಯುತ್ತಿತ್ತು. ಏನಾಯ್ತು ಮಾವ ಎಂದರೆ "ಏನಿಲ್ಲ, ಬಿಸಿಲು" ಎಂದರು. ಆಕಾಶದ ತುಂಬ ಮೋಡವಿತ್ತು. ಅತ್ತೆಯವರು "ಇವರು ಏನಿಲ್ಲ ಅಂದ್ರೆ ಏನೋ ಇದೆ ಅಂತಲೇ, ನಡೀರಿ" ಎನ್ನುತ್ತ ಆಟೊ ನಿಲ್ಲಿಸಿದರು. ಗೋಡೆಯಾಚೆ ಜಿರಾಫೆಯ ತಲೆ ಮಾತ್ರ ಕಾಣುತ್ತಿತ್ತು, ಅಷ್ಟನ್ನೇ ನೋಡಿಕೊಂಡು ತಮ್ಮಲ್ಲಿಗೆ ಬಂದೆವು.

ಅತ್ತೆ ಮತ್ತು ಹೆಂಡತಿ ಚೀಟಿ ಮಾಡಿಸಲು ಕೌಂಟರಿನತ್ತ ಓಡಿದರು. ತಾವು ಎರಡೂ ತೋಳು ಚಾಚಿ ನಮ್ಮೆದುರು ನಿಂತಿದ್ದಿರಿ. ಇಲ್ಲಿ ನಮ್ಮ ಮಾವನವರ ವಿಷಯ ತಮಗೆ ತಿಳಿದಿರಬೇಕು. ಅವರದು ಬಟ್ಟೆ ಅಂಗಡಿ, ಬಂದವರನ್ನೆಲ್ಲ ಕೂರಿಸಿ ನಿಂತೇ ಆಯುಷ್ಯ ಸವೆಸಿದವರು, ಇನ್ನು ಅಳಿಯ ನಿಂತಿರುವಾಗ ಕೂರುವುದೆಂದರೆ ಅವರ ಮಟ್ಟಿಗೆ ಮರ್ಯಾದೆ ಹೋದಂತೆ. "ನೀವು ಕೂತ್ಕೊಳ್ಳಿ ಅಳಿಯಂದ್ರೇ, ಬೆಳಗ್ಗಿಂದ ಬ್ಯಾಗು ಹೊತ್ತು ದಣಿದಿದೀರಿ" ಎಂದರು. ಎದೆನೋವು ನಿಮಗೆ ಮಾವ ಎಂದೆ. "ನೋವು ಎಲ್ಲಿಗೆ ಹೋಗುತ್ತೆ, ಇಲ್ಲೇ ಇರುತ್ತೆ, ಮೊದಲು ನೀವು" ಎಂದು ಉಸಿರು ಸಾಲದಿದ್ದರೂ ಉಪಚಾರ ಮುಂದುವರಿಸಿದರು. ಒಂದು ಕ್ಷಣ ಕೂತು ಎದ್ದುಬಿಟ್ಟರೆ ಅವರು ಕೂತಾರು ಎಂದುಕೊಂಡು ಕೂತೆ. ಏಳುವುದಕ್ಕೆ ತಾವು ಬಿಡಲಿಲ್ಲ. ಹಿಂದಿನಿಂದ ಬಂದ ವಾರ್ಡಿನ ಆಳು ತಮ್ಮನ್ನು ತಳ್ಳಿಕೊಂಡು ಹೊರಟೇಬಿಟ್ಟ. ನನಗೇನೂ ಆಗಿಲ್ಲ ಎಂದು ಕೂಗಿದರೆ "ಇದರಲ್ಲಿ ಕೂತವರೆಲ್ಲ ಹಾಗೇ ಅನ್ನೋದು ಸಾರ್, ಸಮಾಧಾನ" ಎಂದ. ಎದ್ದು ನಿಲ್ಲಲು ನೋಡಿದೆ, ಭುಜ ಒತ್ತಿ ಕೂರಿಸಿದ. ಕೂತವನೇ ರೋಗಿ ಎಂಬ ತಮ್ಮ ಸಿದ್ಧಾಂತದ ಸರಳತೆಗೆ ನಾನು ತಲೆಬಾಗುತ್ತೇನೆ. ನಮ್ಮ ಶಾಲೆಯಲ್ಲಿ ಹಾಜರಿ ಹಾಕುವ ಕ್ರಮವೂ ಇಷ್ಟು ಖಚಿತವಾಗಿಲ್ಲ.

ಒಳಗೆ ನನ್ನ ಅಂಗಿ ಬಿಚ್ಚಿಸಿ, ಎದೆಗೆ ತಣ್ಣನೆಯ ಲೇಪ ಸವರಿ, ಇಸಿಜಿ ವೈರುಗಳನ್ನು ಅಂಟಿಸಿದರು. ಮಾವನವರು ನನ್ನ ಬೂಟು ಹಿಡಿದುಕೊಂಡು ಹಾಸಿಗೆಯ ಪಕ್ಕದಲ್ಲಿ ನಿಂತಿದ್ದರು. ತೊಂದರೆ ಏನೆಂದು ಡಾಕ್ಟರಮ್ಮ ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅವರೇ ಉತ್ತರಿಸಿದರು: "ಎದೆ ಮೇಲೆ ಯಾರೋ ಬಟ್ಟೆ ಗಂಟು ಇಟ್ಟ ಹಾಗಾಗುತ್ತೆ ಇವರಿಗೆ. ಎಡಗೈ ಜೋಮು ಹಿಡಿಯುತ್ತೆ. ಮೆಟ್ಟಿಲು ಹತ್ತಿದರೆ ಜಾಸ್ತಿ. ದೀಪಾವಳಿ ವ್ಯಾಪಾರದಲ್ಲಿ" ಎಂದು ಏನೋ ಹೇಳಹೊರಟು ನುಂಗಿಕೊಂಡು, "ಮಳೆಗಾಲದಿಂದ ಹೀಗೇ. ಮನೇಲಿ ಹೇಳಿಲ್ಲ, ಹೆಂಗಸರು ಗಾಬರಿಯಾಗ್ತಾರೆ" ಎಂದರು. ಸ್ವಂತ ಎದೆಯ ಬಗ್ಗೆ ಒಂದಕ್ಷರ ಬಾಯಿಬಿಡದ ಮನುಷ್ಯ ನನ್ನ ಎದೆಯ ಬಗ್ಗೆ ನೀರು ಕುಡಿದಷ್ಟು ಸಲೀಸಾಗಿ ಎಲ್ಲ ಹೇಳಿಬಿಟ್ಟರು.

ಡಾಕ್ಟರಮ್ಮ ನನ್ನ ಇಸಿಜಿ ನಕಾಶೆ ನೋಡಿದರು, ಬೆವರುತ್ತಿದ್ದ ಮಾವನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ನಾನು ಕಣ್ಣಿನಲ್ಲೇ ಮಾವನವರ ಕಡೆ ತೋರಿಸಿದೆ. ಆಕೆ ಜಾಣೆ. "ಅಳಿಯಂದಿರು ಹೆದರಿದಾರೆ ಯಜಮಾನರೇ, ಅವರಿಗೆ ಧೈರ್ಯ ಬರೋ ಹಾಗೆ ನೀವೂ ಒಂದು ಸಲ ಮಲಗಿ ತೋರಿಸಿ" ಎಂದರು. ಮಾವನವರು ನನ್ನ ಬೂಟು ಕೆಳಗಿಟ್ಟು ಕೂಡಲೇ ಪಕ್ಕದ ಹಾಸಿಗೆಯಲ್ಲಿ ಮಲಗಿದರು. ಅವರ ನಕಾಶೆ ಹೊರಬಂದಾಗ ಯಾರೂ ತಮಾಷೆ ಮಾಡಲಿಲ್ಲ. ಅಷ್ಟರಲ್ಲಿ ಒಳಗೆ ಬಂದ ಅತ್ತೆಯವರು ಎರಡು ಹಾಸಿಗೆಗಳನ್ನೂ ನೋಡಿ "ಇದು ಅಂಟುತ್ತಾ?" ಎಂದು ಕೇಳಿದರು.

ಮಾವನವರ ಹೃದಯದ ರಕ್ತನಾಳವೊಂದು ಕಿರಿದಾಗಿತ್ತು. ಮಾತ್ರೆ ತಪ್ಪದೆ ತೆಗೆದುಕೊಂಡರೆ ಹೆದರಬೇಕಾಗಿಲ್ಲ, ತಪ್ಪಿಸಿದರೆ ಹೆದರಬೇಕು ಎಂದು ಡಾಕ್ಟರಮ್ಮ ನನ್ನನ್ನೂ ಹೆಂಡತಿಯನ್ನೂ ಹೊರಗೆ ಕರೆದು ಹೇಳಿದರು. ಮಾವನವರು ಭಾನುವಾರವೂ ತಮ್ಮಲ್ಲೇ ಉಳಿದು, ಸೋಮವಾರ ಬಿಡುಗಡೆಯಾದರು. ಮನೆಗೆ ಬಂದವರೇ ನೆಂಟರಿಗೆಲ್ಲ ಫೋನು ಮಾಡಿ "ಅಳಿಯಂದಿರಿಗೆ ಎದೆ ಹಿಡ್ಕೊಂಡಿತ್ತು, ಸದ್ಯ ಜೊತೆಗೆ ನಾನಿದ್ದೆ" ಎಂದರು.

ಮಾನ್ಯರೇ, ಅಂದಿನಿಂದ ನನ್ನ ಬಾಳು ತಮ್ಮ ಕೃಪೆಯಿಂದ ಹೀಗಿದೆ. ಕ್ರೀಡಾಕೂಟದಲ್ಲಿ ಸೀಟಿ ಊದುವ ಕೆಲಸವನ್ನು ಮುಖ್ಯೋಪಾಧ್ಯಾಯರು ಸಂಗೀತದ ಮೇಡಂಗೆ ವಹಿಸಿದ್ದಾರೆ. ಮೈದಾನದಲ್ಲಿ ನನಗೆಂದು ಕುರ್ಚಿ ಹಾಕಿಸಿದ್ದಾರೆ, ಅದಕ್ಕೆ ಚಕ್ರವಿಲ್ಲ ಎಂಬುದೊಂದೇ ನೆಮ್ಮದಿ. ಮಾವನವರ ಅಪ್ಪಣೆಯಂತೆ ಮನೆಯ ಸಾರಿಗೆ ಉಪ್ಪಿಲ್ಲ. ಆದ್ದರಿಂದ ನನ್ನ ಬೇಡಿಕೆಗಳು ಇಷ್ಟು: ಮೊದಲನೆಯದಾಗಿ ತಾವು ನಮ್ಮೂರಿನವರೆಗೆ ಸ್ವತಃ ಉರುಳಿಬಂದು, ಮೈದಾನದ ನಡುವೆ ನಿಂತು, ನಾನು ರೋಗಿಯಲ್ಲವೆಂದು ಸಾರಬೇಕು. ಎರಡನೆಯದಾಗಿ, ಬರುವ ದಾರಿಯಲ್ಲಿ ಸಾಧ್ಯವಾದರೆ ಜಿರಾಫೆಯನ್ನೂ ಕೂರಿಸಿಕೊಂಡು ಬರಬೇಕು.

ಇಷ್ಟು ಬರೆದು ಮುಗಿಸುವ ಹೊತ್ತಿಗೆ ಮಾವನವರ ಫೋನು ಬಂತು. ದಿನಾ ಊಟವಾದ ಮೇಲೆ ಬರುತ್ತದೆ. "ಮಾತ್ರೆ ತಗೊಂಡ್ರಾ ಅಳಿಯಂದ್ರೇ? ನೀವು ತಗೊಳ್ಳಿ, ಜೊತೆಗಿರಲಿ ಅಂತ ನಾನೂ ಒಂದು ತಗೋತೀನಿ" ಎನ್ನುತ್ತಾರೆ. ನನ್ನದು ವಿಟಮಿನ್ ಮಾತ್ರೆ, ಅವರದು ಅಸಲಿ. ಒಂದು ದಿನ ನಾನು ಮರೆತೆನೆಂದಾಗ ಅವರೂ ಮಾತ್ರೆ ನುಂಗದೆ ಡಬ್ಬಿ ಮುಚ್ಚಿಟ್ಟಿದ್ದರಂತೆ. ನಾನು ರೋಗಿಯೆಂದು ಅವರು ನಿಜವಾಗಿ ನಂಬಿದ್ದಾರೋ, ನಂಬಿದ ಹಾಗಿದ್ದಾರೋ ತಿಳಿಯದು, ಕೇಳುವ ಧೈರ್ಯವೂ ನನಗಿಲ್ಲ. ಹಾಗಾಗಿ ಮೊದಲನೆಯ ಬೇಡಿಕೆಯನ್ನು ಈ ಮೂಲಕ ವಾಪಸು ಪಡೆದಿದ್ದೇನೆ. ಯಾರೇ ಬಂದು ಕೇಳಿದರೂ, ಆ ದಿನ ತಮ್ಮ ಮೇಲೆ ಕೂತವನು ಹೃದ್ರೋಗಿಯೇ ಎಂದು ದಯವಿಟ್ಟು ಹೇಳಿ.

ಉಪ್ಪಿಲ್ಲದ ಊಟ ಮುಗಿಸಿ ಬರೆಯುತ್ತಿರುವ,
ತಮ್ಮ ವಿಶ್ವಾಸಿ,
ಡ್ರಿಲ್ ಮೇಷ್ಟ್ರು (ಆರೋಗ್ಯವಂತ, ಗುಟ್ಟಾಗಿ)

ವಿ.ಸೂ.: ಅತ್ತೆಯವರು ಈಚೆಗೆ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆಯ ಬಣ್ಣವನ್ನು ಬಹಳ ಹೊತ್ತು ಮೆಚ್ಚಿಕೊಳ್ಳುತ್ತಾರೆ. ಕೇಳಿದರೆ ಏನಿಲ್ಲ ಎನ್ನುತ್ತಾರೆ. ಬರುವ ತಿಂಗಳು ಮಾವನವರ ತಪಾಸಣೆಗೆ ಬರುವಾಗ ಅತ್ತೆಯವರನ್ನೂ ಕರೆತರುತ್ತೇವೆ. ಈ ಸಲ ತಾವು ದಯಮಾಡಿ ನನ್ನ ಹೆಂಡತಿಯನ್ನು ಕೂರಿಸಿಕೊಳ್ಳಬೇಕು. ಒಬ್ಬ ಅಳಿಯನಿಗೆ ಒಂದು ಕಾಯಿಲೆ ಸಾಕು.