ಹಾಲುಹಲ್ಲಿನ ಫೋನ್ ಮಾರಿದವರಿಗೆ

ಫೋನ್ ಕಂಪನಿಯ ಅಪ್‌ಡೇಟ್ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಗುಬ್ಬಿ ತಾಲ್ಲೂಕು ನಿಟ್ಟೂರಿನಿಂದ ಪ್ರಮೀಳಾ ಮಾಡುವ ನಮಸ್ಕಾರಗಳು. ತಾವು ಮಾರಿದ ಫೋನೊಂದನ್ನು ಬಿಟ್ಟು ನಾವೆಲ್ಲ ಕ್ಷೇಮ. ತಮ್ಮ ಹೊಸ ಮಾಡೆಲ್‌ನ ಜಾಹೀರಾತು ದಿನವೂ ಬರುತ್ತಿರುವುದರಿಂದ ತಾವೂ ಕ್ಷೇಮವೆಂದೇ ನಂಬಿದ್ದೇನೆ.

ಮೂರು ವರ್ಷದ ಕೆಳಗೆ ನಾನು ಫೋನ್ ಕೊಳ್ಳಲು ತುಮಕೂರಿಗೆ ಹೋದಾಗ ಅಂಗಡಿಯವರು ಒಂದೇ ಬೆಲೆಗೆ ತಮ್ಮ ಎರಡು ಫೋನ್ ಮುಂದಿಟ್ಟರು: ಒಂದು ಆಗಷ್ಟೇ ಬಂದದ್ದು, ಇನ್ನೊಂದು ಹಿಂದಿನ ವರ್ಷ ದುಬಾರಿಯಾಗಿದ್ದು ಆಗ ಬೆಲೆ ಇಳಿದದ್ದು. ಜೊತೆಗೆ ಬಂದಿದ್ದ ನಮ್ಮ ಮಾವ ಚಿಕ್ಕಬೋರಯ್ಯನವರು ದನದ ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ಹೆಸರಾದವರು. ಅವರು ಬಾಯಿ ಬಿಡಿಸಿ ನೋಡದೆ ನಮ್ಮ ಕಡೆ ಯಾರೂ ಎತ್ತು ಕೊಳ್ಳುತ್ತಿರಲಿಲ್ಲ. ಅವರು ಎರಡನ್ನೂ ತಿರುವಿ ನೋಡಿ, “ಹಳೇದು ಹಲ್ಲೆಲ್ಲ ಬಂದು ಬಾಯ್ಗೂಡೈತೆ ಕಣಮ್ಮ, ಹೊಸದಿನ್ನೂ ಹಾಲುಹಲ್ಲು. ಇದ್ನೇ ಹಿಡ್ಕೋ, ಬಾಳ ವರ್ಷ ದುಡೀತೈತೆ” ಎಂದರು.

ಆಹಾ, ತಮ್ಮ ಜಾಣತನಕ್ಕೆ ಕೈ ಮುಗಿಯಬೇಕು! ಹಾಲುಹಲ್ಲಿನದು ಹುಟ್ಟಿನಿಂದಲೇ ಅಗ್ಗದ ತಳಿಯೆಂದು ಅದಕ್ಕೆ ಎರಡೇ ವರ್ಷಕ್ಕೆ ಅಪ್‌ಡೇಟ್ ನಿಲ್ಲಿಸಿ ಕೈತೊಳೆದುಕೊಂಡಿರಿ. ತುಮಕೂರಿನ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಶಶಿಕಲಾ ಕೊಂಡ ಆ ಬಾಯಿಗೂಡಿದ ಫೋನ್‌ಗೆ ಮಾತ್ರ ಇಂದಿಗೂ ಬರುತ್ತಲೇ ಇದೆ. ಫ್ಯಾಕ್ಟರಿಯಲ್ಲಿ ಕೂತೇ ತೆಂಗಿನ ತೋಟದ ಮೋಟಾರ್ ಹಾಕುತ್ತಿದ್ದ ನನ್ನ ಆ್ಯಪ್, ಅಪ್‌ಡೇಟ್ ಇಲ್ಲದ ಫೋನಿನಲ್ಲಿ ತಾನು ನಡೆಯುವುದಿಲ್ಲ ಎಂದು ಕೂತುಬಿಟ್ಟಿದೆ. ಈಗ ಕರೆಂಟ್ ಬಂದಾಗಲೆಲ್ಲ ಮಾವನವರೇ ಎದ್ದೆನೋ ಬಿದ್ದೆನೋ ಎಂದು ತೋಟಕ್ಕೆ ಓಡುತ್ತಾರೆ.

ಓಡುವುದು ದೊಡ್ಡದಲ್ಲ ಸ್ವಾಮಿ. ನಮ್ಮೂರ ಟೀ ಅಂಗಡಿಯಲ್ಲಿ ಚನ್ನವೀರಯ್ಯನೆಂಬಾತ, “ಏನ್ ಬೋರಣ್ಣ, ಹಲ್ ನೋಡಿ ತಂದ ಫೋನು ಮೇವು ಬುಟ್ಟೈತಂತೆ?” ಎಂದು ಎಲ್ಲರೆದುರು ನಕ್ಕ ದಿನದಿಂದ, ಮಾವ ಯಾರು ಕರೆದರೂ ದನ ನೋಡಲು ಹೋಗುತ್ತಿಲ್ಲ. “ನನ್ ಕಣ್ಣು ಕೆಟ್ಟೋಯ್ತು ಬುಡಮ್ಮ” ಅನ್ನುತ್ತಾರೆ.

ಆದಕಾರಣ ತಾವು ದಯಮಾಡಿ ಇನ್ನು ಮುಂದೆ ಪ್ರತಿ ಫೋನ್‌ಗೂ ಅಪ್‌ಡೇಟ್ ಉಳಿದಷ್ಟು ವರ್ಷಕ್ಕೆ ತಕ್ಕಂತೆ ಹಲ್ಲು ಕೂರಿಸಿ ಕಳಿಸಬೇಕು. ಅದಾಗದಿದ್ದರೆ ಖುದ್ದಾಗಿ ನಿಟ್ಟೂರಿಗೆ ಬಂದು, ಅದೇ ಟೀ ಅಂಗಡಿಯಲ್ಲಿ, ತಪ್ಪು ಚಿಕ್ಕಬೋರಯ್ಯನವರದಲ್ಲ ನಮ್ಮದು ಎಂದು ಎಲ್ಲರ ಮುಂದೆ ಹೇಳಿ ಹೋಗಬೇಕು. ಟೀ ನಾನು ಕುಡಿಸುತ್ತೇನೆ.

ಅಪ್‌ಡೇಟ್ ನಿಂತರೂ ವಿಶ್ವಾಸ ನಿಲ್ಲಿಸದ,
ತಮ್ಮ ವಿಶ್ವಾಸಿ
ಪ್ರಮೀಳಾ

ಮರೆತ ಮಾತು: ಈ ಪತ್ರ ಓದಿ ಹೇಳಿದಾಗ ಮಾವ ಬಹಳ ದಿನದ ಮೇಲೆ ನಕ್ಕರು. “ಬರ್ಲಿ ಬುಡಮ್ಮ ಸಾಹೇಬ್ರು. ಈ ಸಲ ಫೋನ್ ನೋಡಲ್ಲ, ಮಾರೋರ್ ಬಾಯೇ ಬಿಡ್ಸಿ ನೋಡ್ತೀನಿ” ಎಂದರು. ಬರುವ ದಿನ ಹಲ್ಲುಜ್ಜಿಕೊಂಡು ಬನ್ನಿ.