ಡಾಕ್ಟರರು ಇಂಟರ್ನೆಟ್ಟಿಗೆ ಬಂದ ಹೊಸತರಲ್ಲಿ

ಯಾರಾದರೂ ಡಾಕ್ಟರರು ಫೋನ್ ಮಾಡಿ “ನಮಗೂ ಒಂದು ವೆಬ್‌ಸೈಟ್ ಬೇಕಿತ್ತು” ಎಂದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಎರಡು ಸಾವಿರದ ಇಸವಿ ಕಳೆದ ಮೇಲೆ ಮೂಡುಬಿದಿರೆಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ ಇತ್ತು. ಬಂಟ್ವಾಳ, ಬೆಳ್ತಂಗಡಿ ಕಡೆಯ ಡಾಕ್ಟರುಗಳಿಗೆ ವೆಬ್‌ಸೈಟ್ ಮಾಡಿಕೊಡುವುದು, ಅವರ ರೋಗಿಗಳ ಮೊಬೈಲಿಗೆ ಮೆಸೇಜ್ ಕಳಿಸುವುದು ನನ್ನ ಕೆಲಸ. ಹೆಂಗಸೊಬ್ಬಳು ಇದನ್ನೆಲ್ಲ ಮಾಡ್ತಾಳಲ್ಲ ಎಂದು ಮೊದಮೊದಲು ಜನರಿಗೆ ಗಾಬರಿ. ಆಮೇಲೆ ಗಾಬರಿಯಾಗುವ ಸರದಿ ಯಾವಾಗಲೂ ನನ್ನದೇ.

ಉದ್ಘಾಟನೆ

ನಮ್ಮೂರಿನ ಎಲುಬಿನ ಡಾಕ್ಟರರಿಗೆ ವೆಬ್‌ಸೈಟಿನ ಉದ್ಘಾಟನೆ ದೀಪ ಬೆಳಗಿಸಿಯೇ ಆಗಬೇಕೆಂದು ಹಟ. ಸಭಾಭವನ ಹಿಡಿದರು, ದೊಡ್ಡ ಪರದೆ ಕಟ್ಟಿಸಿದರು. ಬಸದಿಯ ಮೊಕ್ತೇಸರರು ಮುಖ್ಯ ಅತಿಥಿ. ತುಂಬ ಗೌರವಸ್ಥರು, ಕನ್ನಡಕ ಮಾತ್ರ ಮನೆಯಲ್ಲೇ ಬಿಟ್ಟು ಬಂದಿದ್ದರು. “ಇದನ್ನು ಒತ್ತಿ” ಎಂದೆ. ಒತ್ತಿದರು.

ವಿಳಾಸದ ಕೊನೆಗೆ ‘ಡಾಟ್ ಇನ್’ ಎಂದು ಇರಬೇಕಿತ್ತು. ನಾನು ಅಭ್ಯಾಸಬಲದಿಂದ ‘ಡಾಟ್ ಕಾಮ್’ ಎಂದು ಹೊಡೆದಿಟ್ಟಿದ್ದೆ. ಅದೇ ಹೆಸರಿನ ಆಸ್ಪತ್ರೆ ಅಮೆರಿಕದಲ್ಲಿಯೂ ಉಂಟೆಂದು ಆಗಲೇ ಗೊತ್ತಾದದ್ದು. ಅದು ನಾಯಿಗಳ ಆಸ್ಪತ್ರೆ! ಪರದೆಯ ತುಂಬ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ ಕಂದು ನಾಯಿ.

ಡಾಕ್ಟರರ ತೆರೆದ ಬಾಯಿ ಮುಚ್ಚಲಿಲ್ಲ. ನಾನು ವಯರು ಕೀಳಲು ಓಡುವಷ್ಟರಲ್ಲಿ ಮೊಕ್ತೇಸರರು ಮೈಕ್ ಹಿಡಿದು ಗಂಭೀರವಾಗಿ ಹೇಳಿದರು: “ನಮ್ಮ ಡಾಕ್ಟರರ ಕೈಗುಣ ನೋಡಿ. ರೋಗಿ ಎಷ್ಟು ನೆಮ್ಮದಿಯಲ್ಲಿ ಮಲಗಿದ್ದಾರೆ!”

ಮಾತಾಡದ ಡಾಕ್ಟರರು

ಒಮ್ಮೆ ನೆರಿಯ ಗ್ರಾಮದಿಂದ ಒಬ್ಬರು ಅಜ್ಜಿ ಬಂದರು. “ಇಲ್ಲಿ ಕಂಪ್ಯೂಟರಿನಲ್ಲಿ ಡಾಕ್ಟರ್ ಸಿಗ್ತಾರಂತಲ್ಲ?” ಎಂದರು. ವೆಬ್‌ಸೈಟ್ ತೆರೆದು ಡಾಕ್ಟರರ ಫೋಟೋ ತೋರಿಸಿ, ಅವರ ಫೋನ್ ನಂಬರ್ ಬರೆದುಕೊಡಲು ಪೆನ್ನು ಹುಡುಕಿದೆ. ತಿರುಗಿ ನೋಡಿದರೆ ಅಜ್ಜಿ ಮಾನಿಟರಿಗೆ ನಾಲಿಗೆ ಚಾಚಿ ಕೂತಿದ್ದಾರೆ! ನನ್ನನ್ನು ಕಂಡವರೇ ಸಿಟ್ಟಿನಿಂದ ಎದ್ದರು.

“ನಾನು ಹೊಟ್ಟೆ ಉರಿ ಅಂತ ಸಂಕಟ ಹೇಳಿದರೆ ಈ ಮನುಷ್ಯ ಸುಮ್ಮನೆ ನಗ್ತಾ ಇದ್ದಾನೆ!”

ದಮ್ಮಾಮಿಗೆ ಹೋದ ಬಾಯಿ

ಬಂಟ್ವಾಳದ ಹಲ್ಲಿನ ಡಾಕ್ಟರರಿಗೆ ಚಿಕಿತ್ಸೆಯ ‘ಮೊದಲು’ ಮತ್ತು ‘ನಂತರ’ದ ಚಿತ್ರ ಹಾಕಬೇಕಿತ್ತು. ಒಬ್ಬರು ಹಾಜಿಯವರನ್ನು ಒಪ್ಪಿಸಿ ಫೋಟೋ ತೆಗೆಸಿದರು. ಪೇಟೆಯಲ್ಲಿ ದೊಡ್ಡ ಒಣಮೀನಿನ ವ್ಯಾಪಾರ ಹಾಜಿಯವರದ್ದು. ಮರ್ಯಾದೆಗೆ ಕುಂದಾಗದಿರಲಿ ಎಂದು ನಾನು ಮುಖ ಕತ್ತರಿಸಿ ಬಾಯಿಯನ್ನಷ್ಟೇ ಹಾಕಿದೆ.

ಅವರ ಮಗ ಸೌದಿಯ ದಮ್ಮಾಮಿನಲ್ಲಿ ಕೆಲಸಕ್ಕಿದ್ದ. ರೂಮಿನವರಿಗೆ ಊರಿನ ಸುದ್ದಿ ತೋರಿಸುತ್ತಾ ಈ ವೆಬ್‌ಸೈಟಿಗೂ ಬಂದನಂತೆ. ತುಟಿಯ ಪಕ್ಕದ ಮಚ್ಚೆ ನೋಡಿ ಎದ್ದು ನಿಂತವನು ನೇರ ನನಗೇ ಫೋನ್ ಮಾಡಿದ: “ನನ್ನ ಬಾಪನ ಬೊಚ್ಚು ಬಾಯಿಯನ್ನು ಲೋಕಕ್ಕೆಲ್ಲ ತೋರಿಸ್ತೀರಾ?”

ಮರುದಿನ ಹಾಜಿಯವರೇ ಅಂಗಡಿಯ ಮೆಟ್ಟಿಲು ಹತ್ತುವುದು ಕಂಡಿತು. “ಹಾಜಿಯವರೇ, ಈಗಲೇ ತೆಗೀತೇನೆ” ಎಂದೆ.

“ತೆಗೆಯುವುದು ಯಾಕೆ? ಗಲ್ಫಿನವರೆಲ್ಲ ನೋಡ್ತಾ ಇದ್ದಾರಂತೆ. ಅದಲ್ಲ ವಿಷಯ,” ಎಂದು ಹೊಸ ಹಲ್ಲು ತೋರಿಸಿ ಕೇಳಿದರು, “ಮುಖ ಯಾಕೆ ಹಾಕಲಿಲ್ಲ? ಬಾಯಿ ನನ್ನದೇ ಅಂತ ಊರಿನವರಿಗೆ ಗೊತ್ತಾಗುವುದು ಬೇಡವಾ?”

ಅರ್ಧ ಮೆಸೇಜು

ಪುಂಜಾಲಕಟ್ಟೆಯಲ್ಲಿ ಬಹಳ ವರ್ಷ ಮದ್ದು ಕೊಟ್ಟ ಹಿರಿಯ ಡಾಕ್ಟರರೊಬ್ಬರು ಬೆಳ್ತಂಗಡಿಯಲ್ಲಿ ಹೊಸ ಕ್ಲಿನಿಕ್ ತೆರೆಯುವವರಿದ್ದರು. ರೋಗಿಗಳಿಗೆಲ್ಲ ಮೆಸೇಜ್ ಹೋಗಬೇಕು. “ಒಣಒಣವಾಗಿ ಬೇಡ ಮಾರಾಯ್ತಿ, ಸ್ವಲ್ಪ ಸಾಹಿತ್ಯ ಇರಲಿ” ಎಂದು ಅವರೇ ಹೇಳಿ ಬರೆಸಿದರು. ಒಂದು ಮೆಸೇಜಿನಲ್ಲಿ ಹಿಡಿಯದ ಮಾತು ಎರಡನೆಯದಾಗಿ ಹೋಗುವ ಕಾಲ ಅದು. ಬೆಳಿಗ್ಗೆ ಕಳಿಸಿದೆ. ಮೊದಲನೆಯದು ಎಲ್ಲರಿಗೂ ತಲುಪಿತು:

“ಇಷ್ಟು ಕಾಲ ನಿಮ್ಮ ನೋವಿಗೆ ಮದ್ದಾದ ಪ್ರೀತಿಯ ಡಾಕ್ಟರರು ಪುಂಜಾಲಕಟ್ಟೆಯ ಸಮಸ್ತರನ್ನೂ ಅಗಲಿ ಹೊರಟಿದ್ದಾರೆ”

“ಬೆಳ್ತಂಗಡಿಯ ಹೊಸ ಕ್ಲಿನಿಕ್ಕಿಗೆ, ಎಲ್ಲರೂ ಬನ್ನಿ” ಎಂಬ ಎರಡನೆಯದು ಎಲ್ಲೋ ಸಿಕ್ಕಿಹಾಕಿಕೊಂಡಿತು.

ಪುಂಜಾಲಕಟ್ಟೆಯಲ್ಲಿ ಅಂಗಡಿಗಳು ಅರ್ಧ ಬಾಗಿಲು ಎಳೆದವು. ಎರಡು ಜೀಪು ತುಂಬ ಜನ ಹೂವಿನ ಹಾರ ಹಿಡಿದು ಡಾಕ್ಟರರ ಮನೆಗೆ ಹೊರಟರು. ಬಾಗಿಲು ತೆರೆದದ್ದು ಡಾಕ್ಟರರೇ, ಕೈಯಲ್ಲಿ ತಿಂಡಿಯ ತಟ್ಟೆ. ಮುಂದೆ ನಿಂತಿದ್ದ ರೋಗಿಯೊಬ್ಬರು “ಅಯ್ಯೋ ದೇವರೇ!” ಎಂದು ಅಲ್ಲೇ ಕುಸಿದರು. ಡಾಕ್ಟರರು ತಟ್ಟೆ ಬದಿಗಿಟ್ಟು ನಾಡಿ ಹಿಡಿದರು. ಕಣ್ಣು ಬಿಟ್ಟ ರೋಗಿ ಡಾಕ್ಟರರ ಮುಖ ನೋಡಿ, “ನಾನೂ ಬಂದುಬಿಟ್ಟೆನಾ?” ಎಂದು ಮತ್ತೆ ಕಣ್ಣು ಮುಚ್ಚಿದರು.

ಸುದ್ದಿ ನನ್ನ ಕಿವಿಗೂ ಬಿತ್ತು. ಒಂದು ವಾರ ಡಾಕ್ಟರರ ನಂಬರ್ ಕಂಡರೆ ಫೋನ್ ಎತ್ತಲೇ ಇಲ್ಲ. ಕೊನೆಗೆ ಅವರು ಬೇರೆ ಯಾರದೋ ಫೋನಿನಿಂದ ಮಾಡಿ ಹಿಡಿದುಬಿಟ್ಟರು.

“ಡಾಕ್ಟ್ರೇ, ದೊಡ್ಡ ತಪ್ಪಾಯ್ತು…”

“ಅದಿರಲಿ. ನಾನು ಬದುಕಿದ್ದೇನಾ ಅಂತ ನೋಡಲಿಕ್ಕೆ ಹೊಸ ಕ್ಲಿನಿಕ್ಕಿಗೆ ಊರಿಗೆ ಊರೇ ಬರ್ತಾ ಉಂಟು. ಬಂದವರು ಬಿಪಿ ಪರೀಕ್ಷೆ ಮಾಡಿಸದೆ ಹೋಗುವುದಿಲ್ಲ. ಕೂರಲಿಕ್ಕೆ ಬೆಂಚು ಸಾಕಾಗುವುದಿಲ್ಲ ಮಾರಾಯ್ತಿ.” ಆಮೇಲೆ ದನಿ ತಗ್ಗಿಸಿದರು. “ಉಜಿರೆಯಲ್ಲಿ ಇನ್ನೊಂದು ಕ್ಲಿನಿಕ್ ತೆರೆಯುವ ಅಂತ ಇದ್ದೇನೆ. ನನ್ನನ್ನು ಇನ್ನೊಮ್ಮೆ ಸಾಯಿಸಲಿಕ್ಕೆ ಆಗ್ತದಾ?”