ಗೊತ್ತಪ್ಪನವರ ಡೆಕ್ಕು

ಗೊತ್ತಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಯಾರು ಏನು ಕೇಳಿದರೂ ಮಾತು ಮುಗಿಯುವ ಮೊದಲೇ ತಲೆಯಾಡಿಸಿ "ಗೊತ್ತು, ಗೊತ್ತು" ಎನ್ನುವ ಅಭ್ಯಾಸಕ್ಕಾಗಿ ಕಚೇರಿಯವರು ಕೊಟ್ಟ ಬಿರುದು. ಅದು ಕಚೇರಿಯಿಂದ ಬಸ್ಸು ಹತ್ತಿ ಬೀದಿಗೆ ಬಂದು, ಕೊನೆಗೆ ಮನೆಯೊಳಗೂ ಕಾಲಿಟ್ಟಿತ್ತು.

ಹನ್ನೊಂದು ವರ್ಷದ ಹಿಂದೆ ಮನೆ ಕಟ್ಟುವಾಗ ಗಾರೆಯ ಮೇಸ್ತ್ರಿ ಅಡುಗೆಮನೆಯ ಹಿಂಬಾಗಿಲ ಬಳಿ ನಿಂತು ಏನೋ ಕೇಳಿದ್ದ. 'ಪ್ಲಿಂತು' ಎಂಬ ಒಂದು ಮಾತು ಮಾತ್ರ ಗೊತ್ತಪ್ಪನವರ ಕಿವಿಗೆ ಬಿದ್ದಿತ್ತು. ಅದು ನೆಲಗಟ್ಟಿನ ಎತ್ತರದ ಮಾತೆಂದು ತಿಳಿಯದೆಯೇ ಅವರು ತಲೆಯಾಡಿಸಿದ್ದರು. ಹಾಗಾಗಿ ಆ ಮನೆಯ ಹಿಂಬಾಗಿಲು ಇಂದಿಗೂ ನೆಲದಿಂದ ಮೂರಡಿ ಎತ್ತರದಲ್ಲಿ ಗಾಳಿಗೆ ತೆರೆದುಕೊಳ್ಳುತ್ತದೆ. ಅಕ್ಕಪಕ್ಕದ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಹಿತ್ತಲಿಗೆ ಬೇರೆ ದಾರಿಯೂ ಇಲ್ಲ. ಹೆಂಡತಿ ಒಂದು ಸ್ಟೂಲು ಇಟ್ಟುಕೊಂಡು ಇಳಿದು ಹತ್ತಿ ಹೇಗೋ ಕಾಲ ತಳ್ಳಿದ್ದಳು.

ತೊಂದರೆ ಶುರುವಾದದ್ದು ಗೊತ್ತಪ್ಪನವರ ಅತ್ತೆ ಬಂದ ಮೇಲೆ. ಅವರು ತಮ್ಮ ಮನೆಯಿಂದ ಮಡಿಲಲ್ಲಿಟ್ಟುಕೊಂಡು ತಂದ ನಿಂಬೆ ಗಿಡವನ್ನು ಹಿತ್ತಲಲ್ಲಿ ನೆಟ್ಟದ್ದಾಯಿತು. ಆದರೆ ಅವರ ಮಂಡಿ ಸ್ಟೂಲಿಗೆ ಒಪ್ಪಲಿಲ್ಲ. ನಾಲ್ಕು ತಿಂಗಳಿಂದ ಅವರು ಗಿಡವನ್ನು ಅಡುಗೆಮನೆಯ ಕಿಟಕಿಯಿಂದಲೇ ನೋಡುತ್ತಿದ್ದರು. ಮೊದಲ ಹೂ ಬಿಟ್ಟಾಗಲೂ ಕಿಟಕಿಯಿಂದಲೇ ನೋಡಿ, ಕಣ್ಣೊರೆಸಿಕೊಂಡು, ತಪ್ಪನ್ನು ಈರುಳ್ಳಿಯ ಮೇಲೆ ಹಾಕಿದರು. ಅಂದು ಮನೆಯಲ್ಲಿ ಈರುಳ್ಳಿ ಇರಲಿಲ್ಲ.

"ರೀ, ಡೆಕ್ಕು ಗಿಕ್ಕು ಏನು ಬೇಕಾದ್ರೂ ಕಟ್ಟಿಸಿ," ಎಂದಳು ಹೆಂಡತಿ. "ಅಮ್ಮ ಆ ಗಿಡದ ಹತ್ರ ಹೋಗೋ ಹಾಗಾಗ್ಬೇಕು, ಅಷ್ಟೆ. ಬಡಗಿ ಏನಾದ್ರೂ ಕೇಳಿ ನಿಮಗೆ ಅರ್ಥ ಆಗ್ಲಿಲ್ಲ ಅಂದ್ರೆ 'ಗೊತ್ತಿಲ್ಲ' ಅನ್ನಿ. ಮೂರೇ ಅಕ್ಷರ."

"ಗೊತ್ತು, ಗೊತ್ತು," ಎಂದರು ಗೊತ್ತಪ್ಪ.

ಮೂರು ಅಕ್ಷರ ಹೇಳುವುದಕ್ಕಿಂತ ಮುನ್ನೂರು ಪುಟ ಓದುವುದು ಅವರಿಗೆ ಸುಲಭವೆನಿಸಿತು. ಗ್ರಂಥಾಲಯದಿಂದ ಬಾಗಿಲ ಮಟ್ಟಕ್ಕೆ ಮರದ ಹಲಗೆ ಹಾಸಿ ಡೆಕ್ಕು ಕಟ್ಟುವ ಬಗ್ಗೆ ಒಂದು ದಪ್ಪ ಪುಸ್ತಕ ತಂದರು. ಒಂದು ವಾರ ಬಸ್ಸಿನಲ್ಲಿ, ಕಚೇರಿಯಲ್ಲಿ, ಬಚ್ಚಲಲ್ಲಿ ಪದಗಳನ್ನು ಉರುಹೊಡೆದರು. ಕಂಬದ ಕೆಳಗಿನ ಕಾಂಕ್ರೀಟು ಫೂಟಿಂಗ್. ಮನೆಯ ಗೋಡೆಗೆ ಬಡಿಯುವ ಉದ್ದನೆಯ ತೊಲೆ ಲೆಡ್ಜರ್. ಹಲಗೆಗಳನ್ನು ಹೊರುವ ಅಡ್ಡಪಟ್ಟಿ ಜಾಯಿಸ್ಟ್. ಕಟಕಟೆಯ ಸಣ್ಣ ಕಡ್ಡಿ ಬಾಲಸ್ಟರ್. ಚಿಕ್ಕಂದಿನಿಂದ ಗೊತ್ತಿದ್ದ ಪದಗಳ ಅಧ್ಯಾಯಗಳನ್ನು ಬಿಟ್ಟು, ಗೊತ್ತಿಲ್ಲದ ಇಪ್ಪತ್ಮೂರು ಪದಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು.

ಶನಿವಾರ ಬೆಳಿಗ್ಗೆ ಏಳಕ್ಕೆ ಹೆಂಡತಿ ಆಸ್ಪತ್ರೆಯ ಡ್ಯೂಟಿಗೆ ಹೊರಟಳು. ಅವಳು ಬೀದಿ ತಿರುಗುವಷ್ಟರಲ್ಲಿ ಬಡಗಿ ತನ್ನ ಇಬ್ಬರು ತಮ್ಮಂದಿರ ಜೊತೆ ಬಂದ. ಬೇರೆ ಯಾರೋ ಕೊನೆಗಳಿಗೆಯಲ್ಲಿ ಬೇಡವೆಂದ ಮರ, ಎರಕ ಹೊಯ್ದ ಕಾಂಕ್ರೀಟು ದಿಮ್ಮಿಗಳು ಎಲ್ಲ ಸಿದ್ಧವಾಗಿ ಗಾಡಿಯಲ್ಲಿದ್ದವು. ಸಂಜೆಯೊಳಗೆ ಮುಗಿಸುವುದೆಂದು ಮಾತು.

ಬಡಗಿ ಮಿತಭಾಷಿ. ಅಡುಗೆಮನೆಯಲ್ಲಿ ನಿಂತು ಒಂದು ಹಲಗೆಯ ತುಂಡು, ಒಂದು ಪೆನ್ಸಿಲು ಮುಂದಿಟ್ಟ.

"ಏನೇನು ಬೇಕು ಹೇಳಿ ಸಾರ್, ಇದರ ಮೇಲೆ ಬರ್ಕೋತೀನಿ. ಕೆಳಗೆ ನೀವು ಸೈನ್ ಹಾಕಿ. ಹಲಗೇಲಿ ಇರೋದನ್ನ ಬಿಡಲ್ಲ, ಇಲ್ಲದ್ದನ್ನ ಮಾಡಲ್ಲ. ಹಿಂದೆ ಒಬ್ಬರ ಮನೇಲಿ ಅವರು ಕೇಳದೇ ಇದ್ರೂ ಚೆನ್ನಾಗಿರುತ್ತೆ ಅಂತ ಒಂದು ಗೂಡು ಮಾಡಿಕೊಟ್ಟೆ. ಎರಡು ವರ್ಷ ಪಂಚಾಯಿತಿ ಆಯ್ತು."

ಗೊತ್ತಪ್ಪನವರಿಗೆ ಬೇಕಾದದ್ದೂ ಅದೇ. ಗಂಟಲು ಸರಿಮಾಡಿಕೊಂಡು ಇಪ್ಪತ್ಮೂರು ಪದಗಳನ್ನೂ ಒಂದೇ ಉಸಿರಿಗೆ ಹೇಳಿದರು. ಬಡಗಿ ಬರೆದುಕೊಳ್ಳುತ್ತಾ ಎರಡು ಸಲ ಕಣ್ಣೆತ್ತಿ ನೋಡಿದ. ಆ ನೋಟದಲ್ಲಿ ಗೌರವವಿತ್ತು ಎಂದು ಗೊತ್ತಪ್ಪನವರು ಇವತ್ತಿಗೂ ನಂಬಿದ್ದಾರೆ. ಆ ಸಂಭ್ರಮದಲ್ಲಿ, "ಈ ಲೆಡ್ಜರ್ ಇದೆಯಲ್ಲ, ಇದನ್ನ ಸರಿಯಾಗಿ ಇಲ್ಲಿಗೆ…" ಎನ್ನುತ್ತಾ ಎರಡು ಹೆಜ್ಜೆ ಹಿಂದೆ ಇಟ್ಟರು. ಹಿಂದೆ ತೆರೆದ ಹಿಂಬಾಗಿಲಿತ್ತು.

"ಪೆಟ್ಟಾಯ್ತಾ ಅಳಿಯಂದಿರೇ?" ಅತ್ತೆ ಕಿಟಕಿಯಿಂದ ಇಣುಕಿದರು.

"ಇಲ್ಲ ಅತ್ತೆ, ಎತ್ತರ ಅಳೀತಿದ್ದೆ," ಎಂದರು ಗೊತ್ತಪ್ಪ, ನೆಲದಿಂದ.

ಸದ್ದು ಕೇಳಿ ಪಕ್ಕದ ಹಿತ್ತಲಿನ ಡ್ರಿಲ್ ಮೇಷ್ಟ್ರು ಗೋಡೆಯ ಮೇಲೆ ಗಲ್ಲ ಊರಿ ನಿಂತರು. ನಿವೃತ್ತರಾಗಿ ಆರು ವರ್ಷವಾದರೂ ಕೊರಳಿನ ಸೀಟಿಗೆ ನಿವೃತ್ತಿ ಕೊಟ್ಟಿರಲಿಲ್ಲ. ಎದುರು ಮನೆಯ ಔಷಧಿ ಅಂಗಡಿಯವರೂ ಮೇಷ್ಟ್ರ ಪಕ್ಕಕ್ಕೆ ಬಂದು ಸೇರಿದರು.

"ಏನಿದು, ಜಗಲೀನಾ?" ಎಂದು ಅಂಗಡಿಯವರು ಕೇಳಿದರು.

"ಜಗಲಿ ಅಂದ್ರೆ ಜಗಲಿ ಅಲ್ಲ," ಎಂದು ಗೊತ್ತಪ್ಪ ಪಾಠ ಶುರುಮಾಡಿದರು. ಒಂಬತ್ತು ಗಂಟೆಯೊಳಗೆ ಇಬ್ಬರಿಗೂ ಫೂಟಿಂಗಿನಿಂದ ಜಾಯಿಸ್ಟಿನವರೆಗೆ ತಿಳಿದುಹೋಯಿತು. ತಿಳಿದ ಮೇಲೆ ಸುಮ್ಮನಿರಲು ಸಾಧ್ಯವೇ? ಜಾಯಿಸ್ಟುಗಳ ನಡುವೆ ಹದಿನಾರು ಇಂಚು ಇರಬೇಕಾದಲ್ಲಿ ಹದಿನೇಳಿದೆ ಎಂದು ಮೇಷ್ಟ್ರು ಗೋಡೆಯ ಮೇಲಿಂದಲೇ ತಮ್ಮ ಟೇಪು ಚಾಚಿ ನೋಡಿ ಸೀಟಿ ಊದಿದರು. ಬಡಗಿ ಎಲ್ಲ ಕಿತ್ತು ಮತ್ತೆ ಬಡಿದ. ಆಮೇಲೆ ನೋಡಿದರೆ ಮೇಷ್ಟ್ರ ಟೇಪಿನ ಮೊದಲ ಒಂದಿಂಚು ಯಾವ ಕಾಲದಲ್ಲೋ ಮುರಿದುಹೋಗಿತ್ತು. ಬಡಗಿ ಮತ್ತೆ ಕಿತ್ತು, ಮತ್ತೆ ಬಡಿದ.

ಅಷ್ಟರಲ್ಲಿ ಅತ್ತೆ, "ಅಳಿಯಂದಿರೇ, ಒಂದು ಮಾತು…" ಎಂದರು.

"ಅತ್ತೆ, ಇದು ಸ್ವಲ್ಪ ಟೆಕ್ನಿಕಲ್ಲು," ಎಂದರು ಗೊತ್ತಪ್ಪ. "ಬೇಜಾರಾದ್ರೆ ಮೇಜಿನ ಮೇಲೆ ಪುಸ್ತಕ ಇದೆ, ಚಿತ್ರ ನೋಡ್ತಿರಿ."

ಅತ್ತೆ ಕನ್ನಡಕ ಹುಡುಕಿಕೊಂಡರು.

ಮೂರು ಗಂಟೆಗೆ ಹಲಗೆಗಳು ಕೂತವು. ಹತ್ತಡಿ ಉದ್ದ, ಎಂಟಡಿ ಅಗಲ. ಬಾಗಿಲಿನ ಮಟ್ಟಕ್ಕೆ ಸರಿಯಾಗಿ, ಅಂಗೈಯಷ್ಟು ಸಮವಾಗಿ. ತುದಿಯಿಂದ ನಾಲ್ಕು ಹೆಜ್ಜೆಯಲ್ಲಿ ನಿಂಬೆ ಗಿಡ. ಕಟಕಟೆ ಕೂರಿಸುತ್ತಾ ಬಡಗಿ ಗಿಡದ ಕಡೆಯ ಮೂಲೆಗೆ ಬಂದು ನಿಂತ.

"ಸಾರ್, ಇಲ್ಲಿ ಮೂರಡಿ ಹಾಗೇ ಬಿಡ್ಲಾ?"

ಗೊತ್ತಪ್ಪನವರು ಚೀಟಿ ನೋಡಿದರು. ಮೇಷ್ಟ್ರು ಗೊತ್ತಪ್ಪನವರನ್ನು ನೋಡಿದರು. "ಬಾಲಸ್ಟರ್ ಮಧ್ಯೆ ನಾಲ್ಕಿಂಚಿಗಿಂತ ಜಾಸ್ತಿ ಸಂದು ಇರಬಾರದು ಅಂತ ಬೆಳಿಗ್ಗೆ ನೀವೇ ಹೇಳಿದ್ರಿ."

"ಗೊತ್ತು, ಗೊತ್ತು. ಎಲ್ಲೂ ಬಿಡಬಾರದು. ಸುತ್ತ ಹಾಕಪ್ಪ."

"ಅಳಿಯಂದಿರೇ…" ಎಂದಿತು ಕಿಟಕಿ.

"ಮುಗೀತು ಅತ್ತೆ, ಇನ್ನೇನು ಮುಗೀತು!"

ಐದೂವರೆಗೆ ಹೆಂಡತಿ ಬಂದಳು. ಮೇಷ್ಟ್ರು, ಅಂಗಡಿಯವರು ಮನೆಯೊಳಗಿಂದ ಹಾದು ಡೆಕ್ಕಿನ ಮೇಲೆ ಬಂದು ನಿಂತಿದ್ದರು. ಹೆಂಡತಿ ಬರಿಗಾಲಲ್ಲಿ ಹಲಗೆಗಳ ಮೇಲೆ ನಡೆದು ನೋಡಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಗಂಡನನ್ನು ನೋಡಿ ಏನೂ ಅನ್ನದೆ ನಕ್ಕಳು. ಗೊತ್ತಪ್ಪನವರಿಗೆ ಎದೆ ತುಂಬಿ ಬಂತು.

"ಅಮ್ಮಾ, ಬಾ," ಎಂದಳು.

ಅತ್ತೆ ಕೋಲೂರಿಕೊಂಡು, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ನಿಧಾನವಾಗಿ ಬಂದರು. ಡೆಕ್ಕಿನ ತುದಿಯವರೆಗೆ ನಡೆದು ಕಟಕಟೆ ಹಿಡಿದು ನಿಂತರು. ಕೆಳಗೆ, ನಾಲ್ಕು ಹೆಜ್ಜೆ ಆಚೆ, ನಿಂಬೆ ಗಿಡ. ಕಡ್ಡಿಗಳ ಸಂದಿನಲ್ಲಿ ಕೈ ಹಾಕಿ ನೋಡಿದರು. ಎಲೆ ಸಿಗಲಿಲ್ಲ.

"ಇಳಿಯೋದು ಎಲ್ಲಿಂದ?" ಎಂದಳು ಹೆಂಡತಿ.

ಗೊತ್ತಪ್ಪ ಬಡಗಿಯನ್ನು ನೋಡಿದರು. ಬಡಗಿ ಹಲಗೆ ತುಂಡನ್ನು ತಂದು ಎಲ್ಲರಿಗೂ ಕಾಣುವಂತೆ ಹಿಡಿದ. ಇಪ್ಪತ್ಮೂರು ಪದಗಳು, ಕೆಳಗೆ ಸೊಗಸಾದ ಸಹಿ.

"ಮೆಟ್ಟಿಲು ಹಲಗೇಲಿ ಇಲ್ಲ ಮೇಡಂ. ಸಾರ್ ಇಷ್ಟೆಲ್ಲ ತಿಳಿದೋರು, ಬೇಡ ಅಂತ್ಲೇ ಬಿಟ್ಟಿರ್ತಾರೆ ಅಂದ್ಕೊಂಡೆ. ಮೂರಡಿ ಬಿಡ್ಲಾ ಅಂತಾನೂ ಕೇಳ್ದೆ."

ಮೇಷ್ಟ್ರು ಆಕಾಶ ನೋಡಿದರು. ಮೊದಲಾದರೂ ಸ್ಟೂಲು ಇಟ್ಟು ಇಳಿಯಬಹುದಿತ್ತು. ಈಗ ಸೊಂಟದೆತ್ತರದ ಕಟಕಟೆಯನ್ನೂ ಹಾರಬೇಕು.

"ಮರ ಉಳಿದಿದೆ," ಎಂದ ಬಡಗಿ. "ಈಗ್ಲೇ ಮಾಡ್ಬಹುದು. ರೈಸರ್ ಹನ್ನೆರಡಿಂಚು, ಟ್ರೆಡ್ ಆರಿಂಚು, ಎರಡು ಸ್ಟ್ರಿಂಗರ್. ಬೇಗ ಮುಗಿಯುತ್ತೆ. ಆಗ್ಬಹುದಾ ಸಾರ್?"

ಮೂರು ಪದಗಳಲ್ಲಿ ಒಂದೂ ಚೀಟಿಯಲ್ಲಿರಲಿಲ್ಲ. ಹೆಂಡತಿ ಗಂಡನನ್ನೇ ನೋಡುತ್ತಿದ್ದಳು. ಮೂರಕ್ಷರ ಗೊತ್ತಪ್ಪನವರ ನಾಲಿಗೆಯ ತುದಿಯವರೆಗೂ ಬಂತು. ಅಲ್ಲಿಂದ ಮುಂದೆ ದಾರಿ ಕಾಣದೆ ಹಿಂದಕ್ಕೆ ಹೋಯಿತು. ತಲೆ ತಾನಾಗಿ ಆಡಿತು.

"ಬೇಡಪ್ಪ," ಎಂದರು ಅತ್ತೆ. "ಒಂದೊಂದು ಮೆಟ್ಟಿಲು ಒಂದಡಿ ಎತ್ತರ, ಪಾದ ಊರೋದಕ್ಕೆ ಆರೇ ಇಂಚು ಅಂದ್ರೆ ಅದು ಮೆಟ್ಟಿಲಲ್ಲ, ಏಣಿ. ಬರ್ಕೋ. ಆರಿಂಚಿನ ರೈಸರ್ ಆರು. ಹನ್ನೊಂದಿಂಚಿನ ಟ್ರೆಡ್ ಐದು. ಮೆಟ್ಟಿಲು ಹೊರೋ ಹಲ್ಲು ಕೊರೆದ ತೊಲೆ, ಅದೇ ಸ್ಟ್ರಿಂಗರ್, ಮೂರು. ಎರಡು ಸಾಲಲ್ಲ. ಹಿಡ್ಕೊಳ್ಳೋಕೆ ಪಕ್ಕದಲ್ಲಿ ಕಟಕಟೆ."

ಬಡಗಿ ಕಿವಿಯ ಮೇಲಿನ ಪೆನ್ಸಿಲು ತೆಗೆದ. "ಅಮ್ಮಾ, ಇದೆಲ್ಲ ನಿಮಗೆ…"

"ಹನ್ನೆರಡನೇ ಅಧ್ಯಾಯ, 'ಮೆಟ್ಟಿಲು'. ಹಾಳೆ ಹೊಸದಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಬೆಳಿಗ್ಗೆಯಿಂದ ಮೆಟ್ಟಿಲು ಬೇಕು ಅಂತ್ಲೇ ಹೇಳೋಣ ಅಂತಿದ್ದೆ."

ಕೆಳಗಿನ ಸಹಿಯನ್ನು ಬಡಗಿ ಅತ್ತೆಯಿಂದಲೇ ಹಾಕಿಸಿಕೊಂಡ. ಮೇಷ್ಟ್ರು ಕೇಳದೆಯೇ ಹೋಗಿ ಅವರಿಗೆ ಕುರ್ಚಿ ತಂದುಕೊಟ್ಟರು. ಕತ್ತಲಾಗುವ ಮುಂಚೆ ಮೂರಡಿ ಕಟಕಟೆ ಕಳಚಿ ಮೆಟ್ಟಿಲಾಯಿತು. ಅತ್ತೆ ಪಕ್ಕದ ಕಟಕಟೆ ಹಿಡಿದು, ಒಂದೊಂದು ಮೆಟ್ಟಿಲಲ್ಲೂ ಎರಡೂ ಪಾದ ಊರಿ ಇಳಿದು, ನಿಂಬೆ ಗಿಡದ ಎಲೆಯೊಂದನ್ನು ಹಿಚುಕಿ ಮೂಸಿದರು. ಹೆಂಡತಿ ಅಳುತ್ತಿದ್ದಳು. ಅಂಗಡಿಯವರು ಆರು ರೈಸರಿಗೆ ಐದೇ ಟ್ರೆಡ್ ಯಾಕೆಂದು ಅತ್ತೆಯನ್ನು ಕೇಳುತ್ತಿದ್ದರು. ಗೊತ್ತಪ್ಪನವರು ಮೇಲೆ ಒಬ್ಬರೇ ನಿಂತು ಕಿವಿಗೊಟ್ಟರು, ಉತ್ತರ ಕೇಳಿಸಲಿಲ್ಲ.

ಬಡಗಿ ಸಾಮಾನು ಕಟ್ಟಿಕೊಂಡು ಅವರ ಬಳಿ ಬಂದ. "ಸಾರ್, ಮುಂದಿನ ವಾರ ಉಪ್ಪುಕಾಗದ ಉಜ್ಜಿ, ಮರ ನೀರು ಕುಡೀದ ಹಾಗೆ ಸೀಲರ್ ಎರಡು ಕೋಟು ಕೊಡ್ಬೇಕು. ಅದು ನೀವೇ ಮಾಡ್ಕೋತೀರಲ್ಲ? ಹೇಗೆ ಅಂತ ಗೊತ್ತಲ್ಲ?"

"ಗೊತ್ತು, ಗೊತ್ತು," ಎಂದರು ಗೊತ್ತಪ್ಪ.

ಗಾಡಿ ಬೀದಿ ತಿರುಗಿದ ಮೇಲೆ ಮೆಲ್ಲಗೆ ಮೆಟ್ಟಿಲಿಳಿದು ಹೋಗಿ ಪುಸ್ತಕ ಕೇಳಿದರು. ಅತ್ತೆ ಹದಿನೈದನೇ ಅಧ್ಯಾಯದಲ್ಲಿದ್ದರು. ಮುಗಿಯದೆ ಕೊಡುವುದಿಲ್ಲ ಎಂದರು.